ಕಂಬಿ ಹಿಡಿಯದೆ ನಡೆ

ಮಾತು ಬಿಟ್ಟಿರುವ ನನ್ನ ತಮ್ಮನಿಗೆ,

ಒಂದೇ ಸೂರಿನಡಿ ಇದ್ದುಕೊಂಡು ಕಾಗದ ಬರೆಯುವ ಗತಿ ಬಂತಲ್ಲೋ ನಮಗೆ. ನಿನ್ನೆ ಆಸ್ಪತ್ರೆಯಿಂದ ಬಂದಾಗಿನಿಂದ ಮುಖ ಊದಿಸಿಕೊಂಡು ಕೂತಿದ್ದೀಯ. ಡಾಕ್ಟರಮ್ಮನ ಮುಂದೆ ನಿನ್ನ ಬಂಡವಾಳ ಬಯಲು ಮಾಡಿದೆ ಎಂಬ ಸಿಟ್ಟು. ಇರಲಿ, ಸಿಟ್ಟಾಗು. ಸಿಟ್ಟಾಗಲಿಕ್ಕಾದರೂ ನೀನಿರಬೇಕು, ನನಗೆ ಬೇಕಾಗಿರುವುದು ಅಷ್ಟೇ.

ಹೋದ ವರ್ಷದ ಪರೀಕ್ಷೆ ನೆನಪಿದೆಯಾ? ಹೃದಯ ಹಿಗ್ಗಿ ಸೋತಿದೆ, ಇನ್ನೆಷ್ಟು ತಾಳುತ್ತದೆ ನೋಡಬೇಕು ಎಂದು ನಿನ್ನನ್ನು ಟ್ರೆಡ್‌ಮಿಲ್ ಹತ್ತಿಸಿದರು. ನಾನು ಗಾಜಿನಾಚೆ ನಿಂತಿದ್ದೆ. ಅದು ಪಾಸು-ಫೇಲಿನ ಪರೀಕ್ಷೆ ಎಂದೇ ನಾವಿಬ್ಬರೂ ತಿಳಿದಿದ್ದೆವು. ಯಂತ್ರದ ವೇಗ ಹೆಚ್ಚಿದಂತೆ ನೀನು ಎರಡೂ ಕೈಯಲ್ಲಿ ಕಂಬಿ ಹಿಡಿದು ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟೆ. ಮುಖದಲ್ಲಿ ಮಾತ್ರ ನಗು, ಯಂತ್ರ ನೋಡಿಕೊಳ್ಳುವ ಹುಡುಗಿಯ ಜೊತೆ ತಮಾಷೆ. ಮನೆ ಸಾಮಾನು ಸಾಗಿಸುವ ನಮ್ಮ ಕೆಲಸದಲ್ಲಿ ಬೀರು ಹೊತ್ತು ಮೆಟ್ಟಿಲೇರುವಾಗಲೂ ಹೀಗೇ ಅಲ್ಲವೇ ನೀನು? ತಿರುವಿನಲ್ಲಿ ಅಳತೆ ನೋಡುವವನಂತೆ ನಟಿಸುತ್ತಾ ಭಾರವನ್ನು ಗೋಡೆಗೆ ಒರಗಿಸಿ ಉಸಿರು ತೆಗೆದುಕೊಳ್ಳುತ್ತೀಯ, ಸಾಮಾನಿನ ಯಜಮಾನರಿಗೆ ಗೊತ್ತೇ ಆಗುವುದಿಲ್ಲ. ಅವತ್ತು ಆ ಹುಡುಗಿಗೂ ಗೊತ್ತಾಗಲಿಲ್ಲ.

ಇಷ್ಟು ಹೊತ್ತು ನಡೆದಿದ್ದಾರೆ, ಸದ್ಯಕ್ಕೆ ಮಾತ್ರೆ ಸಾಕು, ಬೇರೆ ಹೃದಯದ ಕಸಿಗೆ ಹೆಸರು ಬರೆಸುವ ಅಗತ್ಯವಿಲ್ಲ ಎಂದರು ಡಾಕ್ಟರಮ್ಮ. ನೀನು ಗೆದ್ದ ಪೈಲ್ವಾನನ ಹಾಗೆ ಬೀದಿಗೆಲ್ಲ ಹೇಳಿಕೊಂಡು ಬಂದೆ. ನಾನೂ ಹಿಗ್ಗಿದೆ ಅನ್ನು.

ಆಮೇಲೆ ನಡೆದದ್ದು ನನ್ನ ಕಣ್ಣ ಮುಂದೆಯೇ ಇದೆ. ಒಂದು ದಿಂಬಿಗೆ ಇನ್ನೊಂದು ಸೇರಿತು, ಈಗ ಮಲಗಲಾರದೆ ಕುರ್ಚಿಯಲ್ಲೇ ಒರಗುತ್ತೀಯ. ಕಾಲು ಊದಿ ಹಳೆಯ ಶೂ ಹಿಡಿಸದೆ ದೊಡ್ಡದು ತಂದೆವು. ಕೆಳಗಿನ ನಮ್ಮ ಗೋದಾಮಿನಿಂದ ಮೇಲೆ ಮನೆಗೆ ಬರುವಾಗ ಮೆಟ್ಟಿಲ ತಿರುವಿನಲ್ಲಿ ನಿನ್ನ ಹೆಜ್ಜೆ ಸದ್ದು ನಿಲ್ಲುತ್ತದೆ. ಇಣುಕಿದರೆ ಫೋನ್ ನೋಡುವವನ ಹಾಗೆ ನಿಂತಿರುತ್ತೀಯ. ಫೋನಿನ ದೀಪ ಕೂಡ ಹತ್ತಿರುವುದಿಲ್ಲ ಕಣೋ.

ಅದಕ್ಕೇ ನಿನ್ನೆ ಕೇಳಿದೆ, ಕಂಬಿ ಹಿಡಿದರೆ ಏನಾಗುತ್ತದೆ ಎಂದು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಭಾರ ಬಿಟ್ಟು ಹಿಡ್ಕೊಂಡ್ರೆ ಇಲ್ಲದ ಶಕ್ತಿ ಇದೆ ಅಂತ ತೋರ್ಸುತ್ತೆ. ಹೋದ್ಸಲ ಹಿಡ್ಕೊಂಡಿದ್ರಾ?" ಎಂದರು. ಹೌದು ಎಂದೆ. ನೀನು ನನ್ನನ್ನು ನುಂಗುವ ಹಾಗೆ ನೋಡಿದೆ. ಅವರು ಹೋದ ವರ್ಷದ ವರದಿಯನ್ನು ಮತ್ತೆ ತಿರುವಿ ನೋಡಿದರು. ಆಮೇಲೆ, "ಆಗ್ಲೇ ಗೊತ್ತಾಗಿದ್ರೆ ಇಷ್ಟೊತ್ತಿಗೆ ಹೆಸರು ಬರೆಸಿ ಆಗಿರ್ತಿತ್ತು" ಎಂದರು. ಆ ಮಾತು ನನ್ನ ಎದೆಯಲ್ಲಿ ಇನ್ನೂ ಕೂತಿದೆ.

ನಾಳೆ ಮತ್ತೆ ಟ್ರೆಡ್‌ಮಿಲ್ ಹತ್ತಿಸುವಾಗ ಮೂಗು ಬಾಯಿಗೆ ಮುಖವಾಡ ಹಾಕುತ್ತಾರಂತೆ. ನಡೆಯುವಾಗ ನಿನ್ನ ಮೈ ಎಷ್ಟು ಆಮ್ಲಜನಕ ಎಳೆದುಕೊಳ್ಳುತ್ತದೆ ಎಂದು ಅದೇ ಅಳೆಯುತ್ತದೆ. ಅದು ತೀರಾ ಕಡಿಮೆ ಬಂದರೆ, ಬರೀ ಮಾತ್ರೆಯಲ್ಲಿ ಹೆಚ್ಚು ದಿನವಿಲ್ಲ ಎಂದು ಅರ್ಥ. ಅಂಥವರ ಹೆಸರನ್ನೇ ಬರೆದುಕೊಳ್ಳುವುದು. ನಿಜವಾಗಿ ದಣಿಯುವ ಮೊದಲೇ ಇಳಿದುಬಿಟ್ಟರೆ ಮಾತ್ರ ಆ ಅಳತೆ ಯಾವ ಕೆಲಸಕ್ಕೂ ಬಾರದು. ನೀನು ಅದನ್ನೇ ಹಿಡಿದುಕೊಂಡೆ. ದಾರಿಯಲ್ಲಿ ನನ್ನ ಜೊತೆ ಆಡಿದ ಕೊನೆಯ ಮಾತು, "ಮಂಡಿ ನೋವು ಅಂತೀನಿ, ಇಳಿದುಬಿಡ್ತೀನಿ. ಇನ್ನೊಬ್ರ ಎದೆಯಿಂದ ತೆಗೆದದ್ದು ನಂಗೆ ಬೇಡ."

ನಿನ್ನ ಸಂಕಟ ನನಗೆ ಅರ್ಥವಾಗುವುದಿಲ್ಲ ಅಂದುಕೊಂಡೆಯಾ? ಹೆಸರು ಬರೆಸಿದ ಮಾತ್ರಕ್ಕೆ ಹೃದಯ ಸಿಗುವುದಿಲ್ಲ. ಕಾಯುತ್ತಾ ಕಾಯುತ್ತಾ ಹೋದವರಿದ್ದಾರೆ ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು. ಸಿಕ್ಕಿದರೂ, ಅವತ್ತು ಯಾರದೋ ಮನೆಯಲ್ಲಿ ಯಾರೋ ಎದೆ ಬಡಿದುಕೊಂಡು ಅಳುತ್ತಿರುತ್ತಾರೆ. ಅವರು ಕೊಟ್ಟರೆ ನಾವು ತೆಗೆದುಕೊಳ್ಳಬೇಕು. ನಾನು ಕೈಯೊಡ್ಡಿ ಕಾಯುತ್ತೇನೆ, ನನಗೆ ನಾಚಿಕೆಯಿಲ್ಲ. ನನಗಿರುವುದು ನೀನೊಬ್ಬ.

ಅಪ್ಪ ನಮ್ಮಿಬ್ಬರ ಕೈಗೂ ಮೊದಲ ಸಲ ಬೀರು ಕೊಟ್ಟ ದಿನ ನೆನಪಿಸಿಕೊ. ನೀನು ಮೇಲಿನ ತುದಿಯಲ್ಲಿ, ನಾನು ಕೆಳಗೆ. ನಿನಗೆ ಮೀಸೆ ಚಿಗುರುತ್ತಿದ್ದ ಕಾಲ. ಅರ್ಧ ಮೆಟ್ಟಿಲೇರುವಷ್ಟರಲ್ಲಿ ನಿನ್ನ ಅಂಗೈ ಬೆವೆತು ಹಿಡಿತ ಜಾರತೊಡಗಿತು. ಮನೆ ತುಂಬ ಜನ ನೋಡುತ್ತಿದ್ದರು. ನೀನು ನಾಚದೆ, "ಅಕ್ಕಾ, ಆಗ್ತಿಲ್ಲ, ಇಳ್ಸು!" ಎಂದು ಕೂಗಿದೆ. ಇಳಿಸಿದೆವು. ಯಜಮಾನ, "ಇಂಥ ಕಡ್ಡಿಪೈಲ್ವಾನನ್ನ ಕರ್ಕೊಂಡು ಬಂದಿದ್ದೀರಾ?" ಎಂದು ನಕ್ಕ. ಅಪ್ಪ ಮಾತ್ರ ಎಲ್ಲರೆದುರೇ ನಿನ್ನ ಬೆನ್ನು ತಟ್ಟಿ, "ಮೇಲಿರೋನು ಜಂಬಕ್ಕೆ ಬಾಯಿ ಮುಚ್ಕೊಂಡ್ರೆ ಸಾಯೋದು ಕೆಳಗಿರೋಳು. ಇವನು ನನ್ನ ಮಗ" ಎಂದರು. ಅವತ್ತಿನಿಂದ ನಿನ್ನ ಕೆಳಗೆ ನಿಂತು ಎಂಥ ಭಾರ ಹಿಡಿಯಲಿಕ್ಕೂ ನಾನು ಹೆದರಲಿಲ್ಲ.

ಈಗ ಹೆದರುತ್ತಿದ್ದೇನೆ. ನಿನಗೆ ಆಗುತ್ತಿಲ್ಲ, ನೀನು ಬಾಯಿ ಬಿಡುತ್ತಿಲ್ಲ. ಕೆಳಗೆ ನಾನಿದ್ದೇನೆ.

ಈ ಕಾಗದವನ್ನು ನಿನ್ನ ಮಾತ್ರೆ ಡಬ್ಬಿಯ ಕೆಳಗೆ ಇಡುತ್ತೇನೆ. ಬೆಳಿಗ್ಗೆ ಓದಿ ನನ್ನನ್ನು ಬೈಯಬೇಕೆನಿಸಿದರೆ ಬೈದುಬಿಡು. ಆಮೇಲೆ ಕಾಲು ಚಾಚು, ಬಗ್ಗಿದರೆ ನಿನಗೆ ಉಸಿರು ಕಟ್ಟುತ್ತದೆ, ಶೂ ಲೇಸು ನಾನೇ ಕಟ್ಟುತ್ತೇನೆ. ಕಂಬಿಯ ಮೇಲೆ ಭಾರ ಬಿಡಬೇಡ, ಮಂಡಿಯ ನೆಪ ಹೇಳಬೇಡ, ಆ ಹುಡುಗಿಯನ್ನು ನಗಿಸಬೇಡ. ನಿಜವಾಗಿ ಆಗದ ತನಕ ನಡೆ. ಮುಖವಾಡದೊಳಗಿಂದ ಕೂಗಿದರೆ ಕೇಳಿಸುವುದಿಲ್ಲವಂತೆ. ಕೈ ಎತ್ತು ಸಾಕು, ನಿಲ್ಲಿಸುತ್ತಾರೆ. ಗಾಜಿನಾಚೆ ನಾನು ನೋಡುತ್ತಿರುತ್ತೇನೆ.

ಎಲ್ಲಿಗೆ ಹೊರಟರೂ ಗೆದ್ದು ಬಾ ಎಂದೇ ನಿನ್ನನ್ನು ಕಳಿಸುತ್ತಿದ್ದೆ. ನಾಳೆ ಒಂದು ದಿನ ಸೋತು ಬಾ, ನನ್ನಪ್ಪಾ.

ಕೆಳಗಿನ ತುದಿ ಹಿಡಿದು ನಿಂತಿರುವ,
ನಿನ್ನ ಅಕ್ಕ