ಟ್ಯಾಂಕರ್ ನೀರಿನಲ್ಲಿ ಬಣ್ಣ ಹೋದದ್ದಕ್ಕೆ ಶಮೀಮ ಫೇಲು

ಪರೀಕ್ಷಾ ವಿಭಾಗದ ಮಾನ್ಯ ಅಧಿಕಾರಿಗಳೇ,

ಕಣ್ಣಾರೆ ಕಂಡದ್ದನ್ನು ಬರೆದ ಹುಡುಗಿಗೆ ಸೊನ್ನೆ ಕೊಟ್ಟಿರಿ, ಕಾಣದ್ದನ್ನು ಬರೆದ ಮೂವತ್ತು ಮಂದಿಗೆ ಪೂರ್ತಿ ಅಂಕ ಕೊಟ್ಟಿರಿ. ಭಾಲ್ಕಿಯ ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷಗಳಿಂದ ಅಟೆಂಡರ್ ಆಗಿರುವ ನಾನು ಇನ್ನು ಸುಮ್ಮನಿರಲಾರೆ. ಏಕೆಂದರೆ ತಪ್ಪು ನನ್ನದು.

ಎರಡು ದ್ರವಗಳಲ್ಲಿ ಯಾವುದು ಪರ್ಯಾಪ್ತ ಹೈಡ್ರೋಕಾರ್ಬನ್, ಯಾವುದು ಅಪರ್ಯಾಪ್ತ ಎಂದು ಗುರುತಿಸುವುದು ಆ ದಿನದ ಪ್ರಶ್ನೆ. ನೀರು ಸೇರಿಸಿ ಪರ್ಮಾಂಗನೇಟಿನ ನೇರಳೆ ಹನಿ ಹಾಕಿದರೆ ಅಪರ್ಯಾಪ್ತದಲ್ಲಿ ಬಣ್ಣ ಹೋಗಬೇಕು, ಪರ್ಯಾಪ್ತದಲ್ಲಿ ಉಳಿಯಬೇಕು. ಆದರೆ ಇದು ಬರಗಾಲ. ನಲ್ಲಿ ನಿಂತು ತಿಂಗಳಾಗಿತ್ತು, ಬೀದರದಿಂದ ಬರಬೇಕಾದ ಬಟ್ಟಿ ಇಳಿಸಿದ ನೀರು ಬರಲಿಲ್ಲ. ಆ ಬಾಟಲಿಗೆ ನಾನೇ ಟ್ಯಾಂಕರ್ ನೀರು ತುಂಬಿಟ್ಟೆ. ಎರಡೂ ನಳಿಕೆಗಳಲ್ಲಿ ಬಣ್ಣ ಹೋಯಿತು! ಮಕ್ಕಳು ನನ್ನ ಮುಖ ನೋಡಿದರು. ಯಾವುದು ಪರ್ಯಾಪ್ತ ಎಂದು ಕಣ್ಣಲ್ಲೇ ತೋರಿಸಿದೆ. ಎಕಂಬಾದ ಶಮೀಮ ಮಾತ್ರ ನನ್ನ ಕಡೆ ನೋಡಲಿಲ್ಲ. ಬರೀ ನೀರಿಗೇ ನೇರಳೆ ಹನಿಸಿದಳು. ಅಲ್ಲಿಯೂ ಬಣ್ಣ ಹೋಯಿತು. "ನೀರಿನಲ್ಲೇ ಏನೋ ಇದೆ, ಈ ಪರೀಕ್ಷೆಯಿಂದ ಹೇಳಲಾಗದು" ಎಂದು ಬರೆದಳು.

"ಪುಸ್ತಕದಾಗ ಹಿಂಗ ಅದ ಏನು?" ಎಂದರು ಹೊರಗಿನಿಂದ ಬಂದ ಪರೀಕ್ಷಕರು.

"ಬಣ್ಣ ಹೋಗಿದ್ದು ಖರೇ ಅದರಿ ಸರ್. ಉಳದದ ಅಂತ ಹ್ಯಾಂಗ ಬರೀಲಿ?"

ಉತ್ತರದ ಮೇಲೆ ಕೆಂಪು ಗೆರೆ ಬಿತ್ತು, ಆ ಪ್ರಶ್ನೆಗೆ ಸೊನ್ನೆ. ಪಕ್ಕದಲ್ಲೇ ನಿಂತಿದ್ದ ನಾನು ನೌಕರಿಗೆ ಹೆದರಿ ಬಾಯಿ ಬಿಡಲಿಲ್ಲ. ಥೂ, ನನ್ನ ಬಾಳಿಗಿಷ್ಟು!

ಮೂರು ಅಂಕ ಸಾಲದೆ ಅವಳು ಫೇಲು. ಬರ ಬಿದ್ದಾಗಿನಿಂದ ಹೈದರಾಬಾದಿನಲ್ಲಿ ಇಟ್ಟಿಗೆ ಹೊರುತ್ತಿರುವ ತಾಯಿ ಹಾಜಿರಾಬೀ ನನಗೆ ಫೋನು ಮಾಡಿದಳು: "ಪಾಸಾದ್ರ ಓದ್ಲಿ ಅಂದಿದ್ನಿರಿ. ಈಗ ಇಲ್ಲೇ ಕರಕೋತೀನಿ. ಮೇಸ್ತ್ರಿ ಇನ್ನೊಂದು ಆಳು ಕೇಳ್ಲಕತ್ತಾನ."

ಪ್ರಾಯೋಗಿಕ ಪರೀಕ್ಷೆಗೆ ಮರುಪರಿಶೀಲನೆಯ ಅವಕಾಶವಿಲ್ಲ ಎಂದು ನಿಮ್ಮ ಕಚೇರಿ ಒಂದೇ ಸಾಲಿನಲ್ಲಿ ಉತ್ತರಿಸಿದೆ. ಭಲೇ! ಕೊಳಕು ನೀರಿಗೆ ಅವಕಾಶವಿದೆ, ಅದನ್ನು ಕಂಡುಹಿಡಿದವಳಿಗಿಲ್ಲ. ಹಾಸ್ಟೆಲಿನ ಹುಡುಗಿಯರು ಕುಡಿಯುವುದೂ ಅದೇ ನೀರು. ಅದರಲ್ಲಿ ಏನಿದೆ ಎಂದು ಕೇಳಿದವಳು ಇವಳೊಬ್ಬಳೇ. ಅವಳನ್ನೇ ಫೇಲು ಮಾಡುವುದು ಯಾವ ವಿಜ್ಞಾನ, ಸ್ವಾಮಿ?

ಸೋಮವಾರ ಅವಳು ಹೈದರಾಬಾದಿನ ಬಸ್ಸು ಹತ್ತುತ್ತಾಳೆ. ಅದಕ್ಕೂ ಮೊದಲು ಬನ್ನಿ. ಟ್ಯಾಂಕರ್ ದಿನವೂ ಬರುತ್ತದೆ. ಒಂದು ಲೋಟ ನೀರು ಹಿಡಿದು ನಿಮ್ಮ ಕೈಯಾರೆ ಪರ್ಮಾಂಗನೇಟ್ ಹನಿಸಿ. ಬಣ್ಣ ಉಳಿದರೆ ನನ್ನನ್ನು ನೌಕರಿಯಿಂದ ತೆಗೆಯಿರಿ. ಹೋದರೆ ಶಮೀಮಳ ಅಂಕ ಶಮೀಮಳಿಗೆ ಕೊಡಿ. ಎರಡೂ ಆಗದೆಂದರೆ, ಅದೇ ಟ್ಯಾಂಕರಿನಿಂದ ಇನ್ನೊಂದು ಲೋಟ ಹಿಡಿದು ನಮ್ಮೆಲ್ಲರ ಎದುರು ಕುಡಿಯಿರಿ.

ಇಂತಿ,
ಮಾತಾಡಬೇಕಾದ ದಿನ ಬಾಯಿ ಮುಚ್ಚಿಕೊಂಡಿದ್ದ
ಅಟೆಂಡರ್ ಮಾಣಿಕ, ಭಾಲ್ಕಿ