ಚಲೋ ಅಕ್ಕ

ಜುಲೈ ೯, ಬುಧವಾರ. ಹೊಸಪೇಟೆ.

ಇವತ್ತು ನನ್ನ ಮೇಲೆ ನನಗೇ ಹೇಸಿಗೆ. ಬೆಳಿಗ್ಗೆ ನಮ್ಮ ಮಕ್ಕಳ ಸಹಾಯವಾಣಿಗೆ ಕಂಪ್ಲಿಯಿಂದ ಹೇಮಾವತಿ ಫೋನ್ ಮಾಡಿದ್ದಳು, ಹತ್ತನೇ ಕ್ಲಾಸು. ಫಾರಂ ನೋಡಿಕೊಂಡು, ಸಾಯುವ ಯೋಚನೆ ಬರುತ್ತದೆಯೇ ಎಂದು ಕೇಳಿದೆ. ‘ಇಲ್ರಿ’ ಅಂದಳು. ಟಿಕ್ ಹಾಕಿದೆ.

ಫೋನ್ ಇಡುವ ಮುಂಚೆ, ‘ಸೈಕಲ್ಲು, ಕಾಲ್ಗೆಜ್ಜಿ ಎಲ್ಲಾ ತಂಗಿಗೆ ಕೊಟ್ಬಿಟ್ಟೀನ್ರಿ ಮೇಡಂ. ನನಗಿನ್ನ ಬ್ಯಾಡ’ ಅಂದಳು.

‘ಭಾಳ ಚಲೋ ಅಕ್ಕ ನೋಡು ನೀನು’ ಅಂದೆ.

ಇಷ್ಟದ್ದನ್ನೆಲ್ಲ ಹಂಚಿಬಿಡುವ ಮಕ್ಕಳ ಬಗ್ಗೆ ಎಚ್ಚರ ಎಂದು ಹೊಸಬರಿಗೆ ಪಾಠ ಹೇಳುವವಳು ನಾನೇ. ಮಧ್ಯಾಹ್ನ ಊಟದ ನಡುವೆ ಹೊಳೆಯಿತು. ಎಂಜಲು ಕೈಯಲ್ಲೇ ಫೋನ್ ಮಾಡಿದೆ. ಎತ್ತಿದಳು, ಅತ್ತಳು, ಎಲ್ಲ ಹೇಳಿದಳು. ಅವಳಮ್ಮನನ್ನೂ ಫೋನಿಗೆ ಕರೆಸಿ ಮಾತಾಡಿದೆ. ಅಮ್ಮ ಅವಳನ್ನು ಬಿಟ್ಟು ಕದಲುವುದಿಲ್ಲ. ನಾಳೆ ಇಬ್ಬರೂ ಇಲ್ಲಿಗೆ ಬರುತ್ತಾರೆ.

ಕೊನೆಗೆ ಹೇಮಾವತಿ ಮೆಲ್ಲಗೆ ಅಂದಳು: ‘ನೀವು ಹಂಗ ಹೊಗಳಿದಾಗ, ನಾ ಮಾಡಾಕ ಹೊಂಟಿದ್ದು ಸರಿ ಐತಿ ಅನ್ಸಿತ್ರಿ.’