ಇಲ್ಲದ ಕುದುರೆಯ ಸವಾರ

ಶ್ರೀ ನಂಜುಂಡೇಶ್ವರ ಪ್ರಸನ್ನ

ನಂಜನಗೂಡು,
ರೌದ್ರಿ ಸಂವತ್ಸರದ ಕಾರ್ತೀಕ ಬಹುಳ ಪಂಚಮಿ, ಮಂಗಳವಾರ
೩೦ನೇ ನವೆಂಬರು ೧೯೨೦

ಬಸ್ರಾ ಬಂದರಿನಲ್ಲಿರುವ ಪ್ರಾಣಮಿತ್ರ ಚೆಲುವಯ್ಯನಿಗೆ ಗಂಗಾಧರಸ್ವಾಮಿ ಮಾಡುವ ನಮಸ್ಕಾರ.

ನಿನ್ನ ಕಾಗದ ದಸರೆಗೆ ಮುಂಚೆಯೇ ಕೈಸೇರಿತು. ಉತ್ತರಕ್ಕೆ ಇಷ್ಟು ತಡಮಾಡಿದೆನೆಂದು ಬೈಯಬೇಡ. ಬೈದರೂ ಪರವಾಗಿಲ್ಲ, ಅಲ್ಲಿ ನಿನ್ನ ಬೈಗುಳ ಕೇಳಿಯೇ ಅಲ್ಲವೇ ನಾನು ಬೆಳಗಿನ ಹೊತ್ತು ಏಳುತ್ತಿದ್ದದ್ದು. ಬರೆಯಬೇಕೆಂದು ಎಷ್ಟೋ ಸಲ ಕೂತೆ. ಪ್ರತಿ ಸಲವೂ 'ಕ್ಷೇಮ' ಎಂಬ ಮಾತಿನ ಹತ್ತಿರ ಕೈ ನಿಂತುಹೋಯಿತು. ನಾನು ಕ್ಷೇಮವೋ ಅಲ್ಲವೋ, ಓದಿ ನೀನೇ ತೀರ್ಮಾನ ಮಾಡು.

ಯುದ್ಧ ಮುಗಿಯಿತೆಂದು ದಂಡಿನ ಮೂಟೆ ಹೊರುವ ಗ್ಯಾಂಗುಗಳನ್ನೆಲ್ಲ ಮುರಿದರು, ಬಂದರಿನವರು ಹಳೆಯ ಆಳುಗಳನ್ನು ಇನ್ನೆರಡು ವರ್ಷಕ್ಕೆ ಇಟ್ಟುಕೊಳ್ಳುತ್ತಾರಂತೆ, ರುಜು ಹಾಕಲೋ ಊರಿಗೆ ಬರಲೋ ಎಂದು ಕೇಳಿದ್ದೀಯೆ. ನಮ್ಮ ಕಸುಬಿಗೆ ಊರಿನಲ್ಲಿ ಬೆಲೆ ಇದೆಯೇ ಎಂದೂ ಕೇಳಿದ್ದೀಯೆ. ಬುದ್ಧಿ ಹೇಳುವಷ್ಟು ದೊಡ್ಡವನು ನಾನಲ್ಲ. ನನಗೆ ಆದದ್ದನ್ನು ಹೇಳುತ್ತೇನೆ, ಕೇಳು.

ನಾನು ನಂಜನಗೂಡಿನ ಸ್ಟೇಷನ್ನಿನಲ್ಲಿ ಇಳಿದದ್ದು ಯುಗಾದಿ ಕಳೆದ ಮೇಲೆ. ರೈಲು ಅಲ್ಲಿಗೇ ಕೊನೆ. ಮುಂದೆ ನರಸೀಪುರದ ಕಡೆಯ ನಮ್ಮ ಊರಿಗೆ ಗಾಡಿದಾರಿ. ಹಾಸಿಗೆ ಗಂಟು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದರೆ ಎದುರಿಗೆ ನಮ್ಮಣ್ಣ ಬಸವಣ್ಣ, ಅವನ ಪಕ್ಕದಲ್ಲಿ ಜರಿ ರುಮಾಲಿನ ಹಿರಿಯರೊಬ್ಬರು, ಇಬ್ಬರ ಹಿಂದೆ ಒಂದು ಕುದುರೆ. ಕತ್ತಿಗೆ ಹೂವಿನ ಹಾರ ಹಾಕಿ, ಮದುವೆಯ ಜೀನು ಬಿಗಿದ ಬಾಡಿಗೆ ಕುದುರೆ. ಯಾರದೋ ದಿಬ್ಬಣ ಇರಬೇಕೆಂದುಕೊಂಡೆ. ಅಣ್ಣ ಬಂದವನೇ ನನ್ನ ಹೆಗಲ ಮೇಲಿನ ಗಂಟು ಕಿತ್ತು ಆಳಿನ ಕೈಗೆ ಕೊಟ್ಟ.

"ಏರ್ಲಾ ಗಂಗಾಧರ. ಊರ್ನೋರೆಲ್ಲ ಸುತ್ತೂರ್ ತಂಕ ಬಂದು ಕಾಯ್ತಾವ್ರೆ," ಅಂದ.

ಕುದುರೆ ಯಾಕಣ್ಣ ಎಂದೆ. ಅವನು ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ: "ನೀನು ಸವಾರ್ರ ದಳದಾಗಿದ್ದೆ ಅಂತ ಯೇಳಿವ್ನಿ. ಲಿಂಗವಂತ್ರ ಮನೆ ಉಡ್ಗ ಮೂಟೆ ಒರಾಕೆ ಸಮುದ್ರ ದಾಟವ್ನೆ ಅಂತ ಯೇಳಾಕಾಯ್ತದ? ಅಗಾ, ಅವ್ರೇ ನನ್ ಮಗಳ್ನ ತಕ್ಕೊಳಾ ಬೀಗ್ರು. ಸವಾರ್ನ ಮನೆ ಎಣ್ಣು ಅಂತ್ಲೇ ಒಪ್ಪವ್ರೆ. ಮರ್ವಾದೆ ಕಳೀಬ್ಯಾಡ ಕಣ್ಲಾ."

ಚೆಲುವಯ್ಯ, ಕುದುರೆಯ ಬೆನ್ನಿನ ಮೇಲೆ ನಾನು ಒಂದು ಸಲವಾದರೂ ಕೂತದ್ದನ್ನು ನೀನು ನೋಡಿದ್ದೀಯಾ? ಹಡಗಿನಿಂದ ಬೇಲು ಇಳಿಸುವುದು, ಹೇಸರಗತ್ತೆಯ ಎರಡು ಪಕ್ಕಕ್ಕೂ ಸಮತೂಕ ನೋಡಿ ಮೂಟೆ ಬಿಗಿಯುವುದು, ನನಗೆ ಗೊತ್ತಿದ್ದದ್ದು ಅಷ್ಟೇ. ಏರಿದರೆ ಬೀಗರ ಕಣ್ಣೆದುರಿಗೇ ಮಣ್ಣು ಮುಕ್ಕಬೇಕು. ಏನೂ ತೋಚದೆ "ಕಾಲು ಸರಿಯಾಗಿಲ್ಲ ಅಣ್ಣ" ಎಂದುಬಿಟ್ಟೆ. ಮಾತು ಬಾಯಿಂದ ಬೀಳುವುದೇ ತಡ, ಅಣ್ಣ ಸ್ಟೇಷನ್ನಿಗೆಲ್ಲ ಕೇಳುವ ಹಾಗೆ "ಗುಂಡೇಟು ಕಣ್ರಪ್ಪೋ! ನನ್ ತಮ್ಮಂಗೆ ಗುಂಡೇಟು ಬಿದ್ದದೆ!" ಎಂದು ಕೂಗಿದ. ಬೀಗರು ಓಡಿಬಂದು ನನ್ನ ರಟ್ಟೆ ಹಿಡಿದುಕೊಂಡರು. ಅಲ್ಲಿಂದ ಗಾಡಿಯವರೆಗೂ ನಾನು ಎಡಗಾಲು ಎಳೆದುಕೊಂಡು ನಡೆದೆ.

ಆವತ್ತು ಹಿಡಿದ ಕುಂಟು ಕಣೋ ಇದು. ನಗಬೇಡ. ಮೊದಮೊದಲು ನನಗೂ ನಗು ಬರುತ್ತಿತ್ತು. ಒಂದು ದಿನ ಮರೆತು ಬಲಗಾಲು ಎಳೆದೆ. ಜಗಲಿಯ ಮೇಲಿದ್ದ ಮುದುಕರೊಬ್ಬರು "ಇದೇನಪ್ಪ, ಗುಂಡು ಅತ್ಲಿಂದಿತ್ಲಾಗ್ ಜರುಗ್ತದ?" ಎಂದು ಕೇಳಿಬಿಟ್ಟರು. ಅಣ್ಣ ಅವರನ್ನು ಕೂರಿಸಿಕೊಂಡು ತುರುಕರ ಗುಂಡಿನ ಗುಣವನ್ನು ಎಲೆಯಡಿಕೆ ಮುಗಿಯುವವರೆಗೆ ವಿವರಿಸಿದ. ಮೈಸೂರಿನಾಚೆ ಕಾಲಿಡದವನು, ಯುದ್ಧವನ್ನು ನನಗಿಂತ ಚೆನ್ನಾಗಿ ನೋಡಿದ್ದಾನೆ.

ಮಂಗಳಗೌರಿ ನಾನು ಬಂದ ದಿನವೇ ಹರಳೆಣ್ಣೆ ಬಿಸಿಮಾಡಿಕೊಂಡು ಬಂದು ಕಾಲು ನೀಡಿ ಎಂದಳು. ಗಾಯವನ್ನು ಹುಡುಕಿದಳು, ಸಿಗಲಿಲ್ಲ. ಹೆಂಡತಿಯ ಹತ್ತಿರ ಎಂಥ ನಾಟಕ ಎಂದು ಇದ್ದದ್ದು ಇದ್ದಹಾಗೆ ಹೇಳಿದೆ. ಕತ್ತಿನ ಕೆಳಗೆ ಮೂಟೆ ಕೂತು ಕೂತು ದಡ್ಡುಗಟ್ಟಿದ ಜಾಗಕ್ಕೆ ಅವಳ ಕೈ ಮುಟ್ಟಿಸಿದೆ. ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಆಗಿದ್ದಾಯ್ತು. ಮದ್ವೆ ಕಳ್ಯಾಗಂಟ ಕುಂಟ್ಕೊಂಡಿರಿ" ಎಂದಳು. ಅಷ್ಟರಲ್ಲಿ ಅತ್ತಿಗೆ ಬಾಗಿಲಿಗೆ ಬಂದರು. ಇವಳು ಎಣ್ಣೆಯನ್ನೆಲ್ಲ ಕಾಲಿಗೇ ತಿಕ್ಕಿದಳು.

ಆಷಾಢ ಹಿಡಿಯುವುದರೊಳಗೆ ಅಣ್ಣನ ಮಗಳ ಮದುವೆ ಆಯಿತು. ಚಪ್ಪರದಲ್ಲಿ ನನ್ನನ್ನು ಮೆರೆಸಿದ್ದೂ ಮೆರೆಸಿದ್ದೇ. ಎಲ್ಲ ಮುಗಿದ ಮೇಲೆ, ಇನ್ನು ಕಾಲು ವಾಸಿಯಾಯಿತೆಂದು ಹೇಳಿಬಿಡೋಣ, ನಾನು ಏನಾದರೂ ಕೆಲಸ ನೋಡಿಕೊಳ್ಳುತ್ತೇನೆ ಎಂದು ಹೆಂಡತಿಗೆ ಹೇಳಿದೆ. ಅವಳು ಅಂಗಳದಲ್ಲಿ ಆಡುತ್ತಿದ್ದ ನಮ್ಮ ಮಗಳು ಗುರುಬಸಿಯ ಕಡೆ ನೋಡಿ, "ಅದುಕ್ಕೂ ಒಂದಿನ ಮದ್ವೆ ಆಗ್ಬೇಕಲ್ವ?" ಎಂದಳು. ನಾನು ಬಸ್ರಾಕ್ಕೆ ಹೊರಟಾಗ ಗುರುಬಸಿ ಕಂಕುಳ ಕೂಸು, ಈಗ ಐದು ವರ್ಷ. ಅವಳ ಮದುವೆಯವರೆಗೆ ಕುಂಟಬೇಕಾದರೆ ಅಷ್ಟರಲ್ಲಿ ಕಾಲು ನಿಜವಾಗಿಯೂ ಕೆಟ್ಟಿರುತ್ತದೆ.

ನೇಗಿಲು ಹಿಡಿಯುತ್ತೇನೆಂದರೆ ಅಣ್ಣ ಬಿಡುವುದಿಲ್ಲ. ಗುಂಡೇಟು ತಿಂದ ಸವಾರ ಹೊಲ ಉತ್ತರೆ ಊರು ನಗುತ್ತದಂತೆ. ಜಗಲಿಯ ಮೇಲೆ ಕೂತು ಉಣ್ಣಬೇಕು, ಬಂದವರಿಗೆಲ್ಲ ನೋಡದ ಯುದ್ಧದ ಕಥೆ ಹೇಳಬೇಕು. ದುಡಿದ ಮೈ ಜಡ್ಡುಗಟ್ಟಿತು. ಕೊನೆಗೆ ಒಂದು ದಿನ ಜಗಳವಾಡಿ ನಂಜನಗೂಡಿಗೆ ಬಂದುಬಿಟ್ಟೆ. ಅಣ್ಣ ಅದನ್ನೂ ಬಿಡಲಿಲ್ಲ. "ಟೇಸನ್ನಾಗೆ ದೊಡ್ಡ ಅಧಿಕಾರ" ಎಂದು ಊರಿಗೆಲ್ಲ ಹೇಳಿಕೊಂಡು ಬಂದ.

ನನ್ನ ಅಧಿಕಾರ ಯಾವುದು ಗೊತ್ತೇ? ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುವುದು. ಬಸ್ರಾದಲ್ಲಿ ಗ್ಯಾಂಗಿಗೇ ಮೇಟ್ ಆಗಿದ್ದೆ, ಮೇಸ್ತ್ರಿ ಕೆಲಸ ಕೊಡಿ ಎಂದು ಇಲ್ಲಿಯ ಕಂತ್ರಾಟುದಾರನನ್ನು ಕೇಳಿದೆ. "ಬಸ್ರಾದಾಗೆ ನೀನೇನಾರ ಆಗಿರು. ಇಲ್ಲಿ ಮೇಸ್ತ್ರಿ ನನ್ನ ಭಾಮೈದ. ಬೆನ್ನಿದ್ರೆ ಬಾ" ಎಂದ. ಭಾಮೈದನಿಗೆ ಮೂಟೆಯ ಬಾಯಿ ಯಾವುದು ಬುಡ ಯಾವುದು ಎಂಬುದೂ ಗೊತ್ತಿಲ್ಲ. ಹೋಗಲಿ. ಮೊದಲ ಮೂಟೆ ಬೆನ್ನಿಗೆ ಬಂದಾಗ ನನಗೆ ಕಣ್ಣಲ್ಲಿ ನೀರು ಬಂತು. ಭಾರಕ್ಕಲ್ಲ. ಮೂಟೆ ಹೊತ್ತವನು ಕುಂಟುವ ಹಾಗಿಲ್ಲ, ಎರಡು ಕಾಲನ್ನೂ ಗಟ್ಟಿಯಾಗಿ ಊರಬೇಕು. ಊರಿಗೆ ಬಂದ ಮೇಲೆ ನಾನು ಗಂಡಸಿನ ಹಾಗೆ ನೆಟ್ಟಗೆ ನಡೆದದ್ದು ಆವತ್ತೇ. ಎಷ್ಟು ಸುಖವಾಯಿತೆಂದು ನಿನಗೆ ಹೇಗೆ ಹೇಳಲಿ! ವಾರಕ್ಕೊಮ್ಮೆ ಮನೆಗೆ ಹೋಗುವಾಗ ಊರ ಹೊರಗಿನ ಹುಣಸೆಮರದವರೆಗೆ ಸರಿಯಾಗಿ ನಡೆದು, ಅಲ್ಲಿಂದ ಕುಂಟು ಶುರುಮಾಡುತ್ತಿದ್ದೆ.

ನಿನ್ನೆ ಕಾರ್ತೀಕ ಸೋಮವಾರ. ಬೀಗರೂ ನಮ್ಮ ಮನೆಯವರೂ ದೇವರ ದರ್ಶನಕ್ಕೆ ಬಂದಿದ್ದರು. ದರ್ಶನವಾದ ಮೇಲೆ ಸ್ಟೇಷನ್ನಿನಲ್ಲಿ ನಮ್ಮ ಸವಾರರ ಕಚೇರಿ ನೋಡಲೇಬೇಕೆಂದು ಬೀಗರು ಹಟ ಹಿಡಿದರಂತೆ. ಅಣ್ಣ ಏನು ನೆಪ ಹೇಳಿದರೂ ಕೇಳದೆ ಗಾಡಿಯನ್ನು ಸ್ಟೇಷನ್ನಿಗೇ ಹೊಡೆಸಿದರು. ತಲೆಗೆ ಗೋಣಿ ಮುಸುಕು ಹಾಕಿಕೊಂಡು, ಬೆಲ್ಲದ ಮೂಟೆ ಹೊತ್ತುಕೊಂಡು ಬರುತ್ತಿದ್ದ ನಾನು ಸರಿಯಾಗಿ ಆ ಗಾಡಿಯ ಮುಂದೆಯೇ ಬಂದೆ. ಅಣ್ಣ ನೋಡಿದ. ಮಂಗಳಗೌರಿ ನೋಡಿದಳು, ಅವಳ ಪಕ್ಕದಲ್ಲಿ ಗುರುಬಸಿ ಕೂತಿದ್ದಳು. ಮುಸುಕಿನಿಂದಾಗಿ ಬೀಗರಿಗೆ ಮಾತ್ರ ಗುರುತು ಸಿಗಲಿಲ್ಲ.

"ಎಲ್ಲಪ್ಪ ನಮ್ ಸವಾರ್ರು?" ಎಂದರು ಅವರು.

ಅಣ್ಣ ನನ್ನ ಮುಖ ನೋಡುತ್ತಲೇ ಉತ್ತರ ಕೊಟ್ಟ: "ಮೈಸೂರ್ಗೆ ಓಗವ್ನಂತೆ, ಸಾಯೇಬ್ರ ಕೆಲ್ಸದ ಮ್ಯಾಲೆ." ಆಮೇಲೆ ನನಗೆ ಹೇಳಿದ: "ಏಯ್ ಕೂಲಿ, ಅತ್ಲಾಗ್ ಜರುಗ್ಲಾ, ಎತ್ತು ಬೆದರ್ತವೆ."

ಒಡಹುಟ್ಟಿದವನು ಚೆಲುವಯ್ಯ, ಒಂದೇ ತಟ್ಟೆಯಲ್ಲಿ ಉಂಡವನು. ಮಂಗಳಗೌರಿ ಸೆರಗು ಎಳೆದುಕೊಂಡು ಮುಖವನ್ನು ಆ ಕಡೆ ತಿರುಗಿಸಿದಳು. ಮುಸುಕು ಕಿತ್ತೆಸೆದು, ನಾನೇ ಕಣ್ರಯ್ಯ ನಿಮ್ಮ ಸವಾರ ಎಂದು ಕೂಗಬೇಕೆಂದು ರೋಷ ಉಕ್ಕಿತು. ಕೂಗಲಿಲ್ಲ. ಅಣ್ಣನ ಮಗಳು ಆ ಮನೆಯಲ್ಲಿ ಬಾಳಬೇಕು, ಆ ಹುಡುಗಿ ನನಗೇನು ಮಾಡಿದ್ದಾಳೆ? ಶೆಡ್ಡಿನೊಳಕ್ಕೆ ನಡೆದುಬಿಟ್ಟೆ. ಮೂಟೆ ಇಳಿಸಿ ಬರುವ ಹೊತ್ತಿಗೆ ಗಾಡಿ ಹೋಗಿತ್ತು.

ನಿನ್ನ ಮನೆಯ ಸುದ್ದಿ ಬರೆಯುವುದನ್ನೇ ಮರೆತೆ. ಶ್ರಾವಣದಲ್ಲಿ ತಗಡೂರಿಗೆ ಹೋಗಿ ನಿನ್ನ ತಾಯಿ ಕೆಂಪಾಜಮ್ಮನವರನ್ನು ಕಂಡುಬಂದೆ. ಗಟ್ಟಿಮುಟ್ಟಾಗಿದ್ದಾರೆ, ಕಿವಿ ಮಾತ್ರ ಸ್ವಲ್ಪ ದೂರ. ನೀನು ಅಲ್ಲಿ ಏನು ಕೆಲಸ ಮಾಡುತ್ತೀಯೆಂದು ಕೇಳಿದರು. ಸುಳ್ಳು ಹೇಳಿ ಹೇಳಿ ಸಾಕಾಗಿತ್ತು, ಮೂಟೆ ಹೊರುತ್ತಾನೆ ಎಂದು ಜೋರಾಗಿ ಹೇಳಿದೆ. "ಒರ್ಲಿ ಬುಡಪ್ಪ. ಬೆನ್ನಿಗೆ ಎಣ್ಣೆ ತಿಕ್ಕೋರು ಯಾರವ್ರೆ ಅಲ್ಲಿ?" ಎಂದರು. ರೊಟ್ಟಿ, ಹುಚ್ಚೆಳ್ಳಿನ ಚಟ್ನಿ ಕೊಟ್ಟರು. ತಿನ್ನುವಾಗ ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಬರುವುದಾದರೆ ಬಾ. ನಮ್ಮಂಥ ಬೆನ್ನಿಗೆ ಇಲ್ಲಿ ಕೆಲಸ ಇದೆ, ಬೆಲೆ ಮಾತ್ರ ಕೇಳಬೇಡ. ಆದರೆ ರೈಲಿನಿಂದ ಇಳಿದ ಕೂಡಲೇ, ಯಾರು ಹಾರ ಹಿಡಿದುಕೊಂಡು ನಿಂತಿದ್ದರೂ, ನಾನು ಬಸ್ರಾದಲ್ಲಿ ಕೂಲಿಯಾಗಿದ್ದೆ ಎಂದು ಮೊದಲು ಹೇಳಿಬಿಡು. ಆ ಗಳಿಗೆ ಕಳೆದರೆ ಆಮೇಲೆ ಹೇಳುವುದಕ್ಕೆ ಆಗುವುದೇ ಇಲ್ಲ.

ಗ್ಯಾಂಗಿನಲ್ಲಿ ಉಳಿದಿರುವವರಿಗೆಲ್ಲ ನನ್ನ ಶರಣು ತಿಳಿಸು. ನಂಜುಂಡೇಶ್ವರ ನಿನ್ನ ಬೆನ್ನನ್ನೂ ನಿನ್ನ ತಾಯಿಯ ಆಯುಸ್ಸನ್ನೂ ಕಾಯಲಿ.

ಇಂತಿ ನಿನ್ನ,
ಗಂಗಾಧರಸ್ವಾಮಿ

ತಾ. ಕ.: ಶೆಡ್ಡಿನೊಳಕ್ಕೆ ನಡೆದುಬಿಟ್ಟೆ ಎಂದು ಮೇಲೆ ಬರೆದಿದ್ದೇನೆ. ಹೇಗೆ ನಡೆದೆ ಎಂದು ಬರೆಯಲಿಲ್ಲ. ನಿನಗೂ ಹೇಳದಿದ್ದರೆ ಇನ್ನು ಯಾರಿಗೆ ಹೇಳಲಿ?

ನಾನು ಆ ಕಡೆ ತಿರುಗಿದ್ದೇ ತಡ, ಗುರುಬಸಿ ತಾಯಿಯ ಕೈ ಬಿಡಿಸಿಕೊಂಡು ಗಾಡಿಯಿಂದ ಇಳಿದು ನನ್ನ ಹಿಂದೆಯೇ ಓಡಿಬಂದಳು. ಅಪ್ಪಾ ಎಂದು ಕೂಗಿಬಿಡುತ್ತಾಳೆ, ಎಲ್ಲ ಬಯಲಾಗುತ್ತದೆ ಎಂದುಕೊಂಡೆ. ಕೂಗಲಿ ಎಂದೂ ಅನ್ನಿಸಿತು, ಲಿಂಗದ ಆಣೆ. ಅವಳು ಕೂಗಲಿಲ್ಲ. ನನ್ನ ಪಂಚೆಯ ಅಂಚು ಹಿಡಿದೆಳೆದು, ಮುಸುಕಿನೊಳಕ್ಕೆ ಇಣುಕಿ, ಬೇರೆ ಯಾರಿಗೂ ಕೇಳದ ಹಾಗೆ ಹೇಳಿದಳು:

"ಅಪ್ಪಾ, ಕುಂಟಪ್ಪ. ಜನ ನೋಡ್ತಾವ್ರೆ."

ಯಾರು ಹೇಳಿಕೊಟ್ಟರೋ, ಎಂದಿನಿಂದ ಅವಳಿಗೆ ಗೊತ್ತಿತ್ತೋ ನಾನು ಕಾಣೆ. ಬೆನ್ನ ಮೇಲೆ ಅಷ್ಟು ಬೆಲ್ಲ ಇಟ್ಟುಕೊಂಡು ಎಡಗಾಲು ಎಳೆಯುತ್ತ ಒಳಗೆ ನಡೆದೆ. ಇವತ್ತು ಬೆಳಿಗ್ಗೆ ಕೆಲಸಕ್ಕೆ ಹೋದಾಗ ನಮ್ಮವರು ಯಾರೂ ಅಲ್ಲಿರಲಿಲ್ಲ, ನೋಡುವವರೂ ಇರಲಿಲ್ಲ. ಮೂಟೆ ಬೆನ್ನಿಗೆ ಬಂತು. ಕಾಲು ತಾನಾಗಿಯೇ 

ಕುಂಟಿತು.